ಎಲ್ಮ್ ಗಿಡಕ್ಕೆ ಹಲ್ಲು ಕಟ್ಟಿದವರು

ಆ ಗಿಡದ ಕಾಂಡದಲ್ಲಾದ ಹೊಂಡವನ್ನು ಮುಚ್ಚಬೇಕೆಂದು ಮೊದಲು ಹೇಳಿದ್ದು ಅವರೋ ನಾನೋ ಎಂಬುದು ನನಗೆ ಖಚಿತವಿಲ್ಲ. ನೆನಪಿಲ್ಲವೆಂದಲ್ಲ; ನೆನಪುಗಳು ಎರಡಿವೆ. ಒಂದರಲ್ಲಿ ಅವರು ಯಾರನ್ನೂ ಕೇಳದೆ, ತಮ್ಮ ಕೈಯ ಮೇಲಿನ ಭರವಸೆಯಿಂದ ತಾವೇ ಅದನ್ನು ಮುಚ್ಚಿದ್ದಾರೆ. ಇನ್ನೊಂದರಲ್ಲಿ ಅವರು ನನ್ನನ್ನು ಏನೋ ಕೇಳಿದ್ದಾರೆ, ನಾನು ಏನೋ ಹೇಳಿದ್ದೇನೆ. ಮೊದಲನೆಯದು ಸ್ಪಷ್ಟವಾಗಿದೆ, ಅದರಲ್ಲಿ ಅವರ ನಗುವೂ ಕೇಳಿಸುತ್ತದೆ. ಎರಡನೆಯದು ಬಹಳ ಮಸುಕು. ವಿಜ್ಞಾನ ಓದಿದವನು ಸ್ಪಷ್ಟವಾದದ್ದನ್ನು ನಂಬಬೇಕು. ಆದರೆ ನನಗೆ ಅನುಕೂಲವಾದ ನೆನಪೇ ಸ್ಪಷ್ಟವಾಗಿಯೂ ಇದ್ದರೆ ಸಂಶಯಪಡಬೇಕು ಎಂಬುದನ್ನೂ ಅದೇ ಓದು ಕಲಿಸಿದೆ.

ಒಂದು ಮೊಳ ಎತ್ತರದ ಬೊನ್ಸಾಯ್ ಗಿಡಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆಂದು ಕೇಳಬಹುದು. ಅದನ್ನು ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಾಕಿದ್ದರು. ಅದರ ಕಾಂಡ ಅರ್ಧ ಸತ್ತಿತು. ತಪ್ಪು ತಮ್ಮದೇ ಎಂದು ಅವರು ಕೊನೆಯವರೆಗೂ ಎಲ್ಲರೆದುರು ಹೇಳಿಕೊಂಡರು. ಕಳೆದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ಅವರು ತೀರಿಕೊಂಡರು. ಆ ತಪ್ಪು ನಿಜವಾಗಿ ಯಾರದೆಂದು ತಿಳಿಯದೆ ಅವರ ಬಗ್ಗೆ ಒಳ್ಳೆಯ ಮಾತು ಬರೆಯುವುದು ನನಗೆ ಸರಿಯೆನಿಸಲಿಲ್ಲ.

ಅವರು ಮಣಿಪಾಲದಲ್ಲಿ ಹಲ್ಲು ಕಟ್ಟುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದರು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚನ್ನಿಟ್ಟುಕೊಂಡು ಮೇಣದಲ್ಲಿ ಹಲ್ಲು ಕಡೆದು, ಗಟ್ಟಿ ಮಾಡಿ, ಬಣ್ಣ ಕೂಡಿಸಿ ಕೊಡುವವರು ಇವರು. ಕಾಪುವಿನ ಬ್ಯಾರಿ ಮುಸ್ಲಿಂ ಮನೆತನದವರು, ದಿನಾ ಎರಡು ಬಸ್ಸು ಹಿಡಿದು ಬರುತ್ತಿದ್ದರು. ಇಂಥವರನ್ನು ರೋಗಿಗಳು ನೋಡುವುದೇ ಅಪರೂಪ. ನಾನು ನೋಡಿದ್ದು ಮುಂದಿನ ಹಲ್ಲು ಮುರಿದುಕೊಂಡದ್ದರಿಂದ. ಆಗ ಮಣಿಪಾಲದಲ್ಲಿ ರೂಮು ಮಾಡಿಕೊಂಡು, ಕಾರ್ಕಳದ ಕಾಲೇಜೊಂದಕ್ಕೆ ಸಸ್ಯಶಾಸ್ತ್ರ ಪಾಠ ಮಾಡಲು ಬೈಕಿನಲ್ಲಿ ಹೋಗಿಬರುತ್ತಿದ್ದೆ. ರಸ್ತೆಯ ಒಂದು ಹಂಪು ಕಾಣಲಿಲ್ಲ, ಅಷ್ಟೇ.

ಬಣ್ಣ ಹೊಂದಿಸಲು ಡಾಕ್ಟರು ನನ್ನನ್ನು ನೇರವಾಗಿ ಲ್ಯಾಬಿಗೆ ಕಳಿಸಿದ್ದರು. ಬಿಳಿ ಪುಡಿ ಮೆತ್ತಿದ ಏಪ್ರನ್ನಿನಲ್ಲಿ ಬಂದ ಅವರು ನನ್ನನ್ನು ಕೂರಿಸಲೂ ಇಲ್ಲ.

"ಹೊರಗೆ ಬನ್ನಿ," ಎಂದರು.

"ಯಾಕೆ?"

"ಟ್ಯೂಬ್‌ಲೈಟನ್ನು ನಂಬ್ಲಿಕ್ಕಾಗುದಿಲ್ಲ. ಬಿಸಿಲಿಗೆ ನಿಲ್ಲಿ, ಬಾಯಿ ತೆರೀರಿ. ಅಲ್ಲಾಡ್ಬೇಡಿ. ನಿಮ್ಗೆ ಸುಮ್ಮನೆ ನಿಲ್ಲುದು ಸ್ವಲ್ಪ ಕಷ್ಟ, ಅಲ್ವಾ?"

ವಾರದ ನಂತರ ಬಂದ ಹಲ್ಲಿನ ಬುಡದಲ್ಲಿ ತೆಳ್ಳಗೆ ಒಂದು ಹಳದಿ ಗೆರೆಯಿತ್ತು. ಹೊಸ ಹಲ್ಲಿಗೆ ಕಲೆ ಯಾಕೆಂದು ನಾನು ತಕರಾರು ತೆಗೆದೆ.

"ಪಕ್ಕದ ಹಲ್ಲಿಗೂ ಉಂಟು, ಕನ್ನಡಿ ನೋಡಿ. ಬಾಯಲ್ಲಿ ಎಲ್ಲಾ ಹಲ್ಲು ಚಾ ಕುಡಿದು ಒಂದೇ ಹಲ್ಲು ಕುಡಿಯದೆ ಕೂತ್ರೆ ಜನರಿಗೆ ಗೊತ್ತಾಗ್ತದೆ."

ಈ ಮಾತನ್ನು ಅವರು ನನಗೇ ಹೇಳಿದರೋ, ಬೇರೆ ಯಾರಿಗೋ ಹೇಳಿದ್ದನ್ನು ಮುಂದೆ ನನ್ನೆದುರು ನೆನಪಿಸಿಕೊಂಡರೋ, ಈಗ ಹೇಳಲಾರೆ. ಗೆರೆಯಂತೂ ಇದೆ. ಹತ್ತಿರದವರಿಗೂ ನನ್ನ ಯಾವ ಹಲ್ಲು ಕಟ್ಟಿಸಿದ್ದೆಂದು ಹೇಳಲಾಗುವುದಿಲ್ಲ.

ನಾನು ಗಿಡಗಳ ಬಗ್ಗೆ ಪಾಠ ಮಾಡುವವನೆಂದು ತಿಳಿದ ಕೂಡಲೇ ಅವರ ಮುಖವೇ ಬದಲಾಯಿತು. "ಹಾಗಾದ್ರೆ ಆದಿತ್ಯವಾರ ಕಾಪುಗೆ ಬನ್ನಿ. ನನ್ನಲ್ಲಿ ಕೆಲವು ಪೇಷಂಟ್‌ಗಳಿದ್ದಾರೆ."

ಹೀಗೆ ಶುರುವಾದ ಭಾನುವಾರಗಳು ಹದಿನಾಲ್ಕು ವರ್ಷ ನಡೆದವು. ಅವರ ಮನೆ ಹೆದ್ದಾರಿಯ ಪಡುಬದಿಗೆ, ಸಮುದ್ರದ ಸದ್ದು ಕೇಳುವಷ್ಟು ದೂರದಲ್ಲಿತ್ತು. ಟಾರಸಿಯ ಮೇಲೆ, ಗೋಡೆಯ ಮರೆಯಲ್ಲಿ ಒಂಬತ್ತು ತಟ್ಟೆಗಳು. ಎರಡು ಆಲ, ಒಂದು ಬಸರಿ, ಒಂದು ಹುಣಸೆ, ಮತ್ತೆ ಕೆಲವು. ಎಲ್ಲವೂ ಇಲ್ಲಿಯ ಗಾಳಿಗೆ ಒಗ್ಗಿದವು. ನಾನು ಹೇಳಿದ ಆ ಎಲ್ಮ್ ಮಾತ್ರ ಹೊರದೇಶದ್ದು. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಹಿರಿಯ ದಂತವೈದ್ಯರು ಬೆರಳು ದಪ್ಪದ ಸಸಿಯನ್ನು ಅವರ ಕೈಗಿತ್ತಿದ್ದರಂತೆ. ನಮ್ಮ ತಪಸಿ ಮರ ಅದರ ದೂರದ ಸಂಬಂಧಿ ಎಂದು ನಾನು ಹೇಳಿದಾಗ ಅವರಿಗೆ ತುಂಬ ಸಮಾಧಾನವಾಯಿತು. "ಹಾಗಾದ್ರೆ ಇದಕ್ಕೆ ಇಲ್ಲಿ ನೆಂಟರಿದ್ದಾರೆ," ಎಂದರು. ಅದರ ಎಲೆ ಉಗುರಿನಷ್ಟು ಸಣ್ಣದು, ಅಂಚು ಗರಗಸದ ಹಾಗೆ. ತೊಗಟೆ ಅಲ್ಲಲ್ಲಿ ಹಕ್ಕಳೆಯೆದ್ದು ಒಳಗೆ ಕೇಸರಿ ಮಚ್ಚೆ ಕಾಣುತ್ತಿತ್ತು. ಉಪ್ಪುಗಾಳಿ ಅದಕ್ಕೆ ಆಗದು. ಬೇಸಗೆಯಲ್ಲಿ ಅವರು ಲ್ಯಾಬಿನಿಂದ ಬಂದು ಅಂಗಿ ಕಳಚುವ ಮೊದಲು ಅದರ ಎಲೆಗಳನ್ನು ಬಾವಿ ನೀರಿನಲ್ಲಿ ತೊಳೆಯುತ್ತಿದ್ದರು. ಅವರ ಹೆಂಡತಿ ಕೆಳಗಿನಿಂದ, "ಮುಖ ತೊಳೆದಾಯ್ತಾ ನಿಮ್ಮ ಮಗಳದ್ದು? ಇನ್ನು ನಿಮ್ದು ತೊಳ್ಕೊಂಡು ಚಾಕ್ಕೆ ಬನ್ನಿ," ಎನ್ನುತ್ತಿದ್ದರು.

ಬ್ಯಾರಿ ಹಿರಿಯರನ್ನು ಕರೆಯುವಂತೆ ನಾನೂ ಅವರನ್ನು ಕಾಕ ಎನ್ನುತ್ತಿದ್ದೆ. ಅವರು ನನ್ನನ್ನು ಡಾಕ್ಟ್ರೇ ಎನ್ನುತ್ತಿದ್ದರು, ನನಗೆ ಡಾಕ್ಟರೇಟ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ. ಮನೆಯಲ್ಲಿ ಬ್ಯಾರಿ, ನೆರೆಯವರೊಡನೆ ತುಳು, ನನ್ನೊಡನೆ ಮಾತ್ರ ಕನ್ನಡ.

"ನಮ್ಮ ಮನೆಯಲ್ಲೂ ತುಳುವೇ ಕಾಕ. ತುಳುವಿನಲ್ಲೇ ಮಾತಾಡಿ," ಎಂದು ಒಮ್ಮೆ ಹೇಳಿದೆ.

"ಬೇಡ. ಗಿಡದ ವಿಷಯ ಕನ್ನಡದಲ್ಲೇ ಇರ್ಲಿ. ನೀವು ಪುಸ್ತಕದಿಂದ ಹೇಳುದಲ್ವಾ."

ಇದು ತಮಾಷೆಯೆಂದು ನಾನು ತಿಳಿದಿದ್ದೆ. ಅವರು ಅದನ್ನು ನಂಬಿದ್ದರೆಂದು ಈಗ ಅನಿಸುತ್ತದೆ. ಗಿಡದ ವಿಷಯದಲ್ಲಿ ನನಗಿಂತ ಅವರಿಗೆ ಹೆಚ್ಚು ಗೊತ್ತಿತ್ತು. ಯಾವ ತಟ್ಟೆಗೆ ನೀರು ಸಾಕು ಎಂಬುದನ್ನು ಅವರು ಎತ್ತಿ ತೂಕದಿಂದಲೇ ಹೇಳುತ್ತಿದ್ದರು. ನಾನು ಮಣ್ಣಿನ ಆಮ್ಲೀಯತೆ ಎಂದೇನಾದರೂ ಶುರುಮಾಡಿದರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು ಕೇಳುತ್ತಿದ್ದರು. ಕೇಳಿ, ಅವರಿಗೆ ಸರಿಕಂಡದ್ದಕ್ಕಿಂತ ನಾನು ಹೇಳಿದ್ದನ್ನೇ ಮಾಡುತ್ತಿದ್ದರು.

ನನ್ನ ಚಡಪಡಿಕೆಯನ್ನು ಅವರಷ್ಟು ನಯವಾಗಿ ಹಂಗಿಸಿದವರಿಲ್ಲ. ನಾನು ಟಾರಸಿಯಲ್ಲಿ ನಡೆಯುತ್ತ ಮಾತಾಡುವವನು. ಒಮ್ಮೆ ಕೈಗೆ ಚಿಮಟ ಕೊಟ್ಟು, ಹುಣಸೆಯ ಬುಡದ ಪಾಚಿಯಲ್ಲಿ ಎದ್ದ ಹುಲ್ಲನ್ನು ಒಂದೊಂದಾಗಿ ಕೀಳಲು ಕೂರಿಸಿದರು. ಐದು ನಿಮಿಷಕ್ಕೆ ನಾನು ಎದ್ದೆ.

"ಆಯ್ತಾ?"

"ಸುಮಾರಾಗಿ ಆಯ್ತು."

"ಸುಮಾರಾಗಿ ಅಂದ್ರೆ ಎಷ್ಟು ಹುಲ್ಲು ಡಾಕ್ಟ್ರೇ?"

ನಾನು ಸಂಶೋಧನೆಗೆಂದು ಧಾರವಾಡಕ್ಕೆ ಹೋದದ್ದು ಇದಾದ ಎಷ್ಟೋ ವರ್ಷಗಳ ಮೇಲೆ. ನನ್ನ ವಿಷಯ ಭತ್ತದ ಬೆಂಕಿರೋಗ. ಮೂರು ವರ್ಷ ನಾನು ನೋಡಿದ್ದೆಲ್ಲ ನಾಲ್ಕು ತಿಂಗಳು ಬದುಕುವ ಹುಲ್ಲಿನ ಎಲೆ. ಆ ಕಾಲದಲ್ಲಿ ಒಂದು ದಿನ ಪಕ್ಕದ ಹಿತ್ತಿಲ ತೆಂಗಿನಿಂದ ಒಣಗಿದ ಗರಿ, ಇಡೀ ಮಡಲೇ, ಜಾರಿ ಟಾರಸಿಗೆ ಬಿತ್ತು. ಎಲ್ಮ್ ಗಿಡದ ದಪ್ಪ ಕೊಂಬೆಯೊಂದು ಕಾಂಡದ ತೊಗಟೆಯನ್ನೂ ಕಿತ್ತುಕೊಂಡು ಹೋಯಿತು. ಹೆಬ್ಬೆರಳು ಹೋಗುವಷ್ಟು ಹೊಂಡ ಉಳಿಯಿತು.

ರಜೆಗೆ ಬಂದಾಗ ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಹೊಂಡವೇ ಇರಲಿಲ್ಲ. ತೊಗಟೆ ಸುತ್ತಲಿಂದ ಬಂದು ಮುಚ್ಚಿಕೊಂಡಿತ್ತು, ಅಲ್ಲೊಂದು ಕೇಸರಿ ಮಚ್ಚೆ ಕೂಡ ಮೂಡಿತ್ತು. "ಎಷ್ಟು ಬೇಗ ಮಾಗಿದೆ ಕಾಕ," ಎಂದೆ. ಇಂಥ ವಾತಾವರಣದಲ್ಲಿ ಕೋಶವಿಭಜನೆ ಚುರುಕು ಎಂದೂ ಹೇಳಿರಬೇಕು.

ಅವರು ಉಗುರಿನಿಂದ ಮೆಲ್ಲಗೆ ಅದರ ಮೇಲೆ ತಟ್ಟಿದರು. ಟಿಕ್ ಟಿಕ್ ಎಂದಿತು. ಹಲ್ಲು ಕಟ್ಟುವ ಅಕ್ರಿಲಿಕ್ ಪುಡಿಗೆ ಅದೇ ಗಿಡದ ಒಣ ತೊಗಟೆಯನ್ನು ಅರೆದು ಬೆರೆಸಿ, ಹೊಂಡ ತುಂಬಿಸಿ, ಮೇಲೆ ಹಕ್ಕಳೆಗಳನ್ನು ಒಂದೊಂದಾಗಿ ಕಡೆದಿದ್ದರು. ಅವರು ನಕ್ಕ ನಗು ಕೆಳಗಿನ ಅಡುಗೆಮನೆಗೂ ಕೇಳಿಸಿತು. "ಗಿಡದ ಡಾಕ್ಟ್ರಿಗೇ ಗೊತ್ತಾಗ್ಲಿಲ್ಲ," ಎಂದು ಹೆಂಡತಿಗೆ ಮೆಟ್ಟಿಲ ಮೇಲಿಂದಲೇ ಸುದ್ದಿ ಕೊಟ್ಟರು. ನಾನೂ ನಕ್ಕೆ. ಸ್ಪಷ್ಟ ನೆನಪು ಎಂದು ಮೊದಲೇ ಹೇಳಿದ್ದು ಇದನ್ನೇ. ಅವರ ಬಲಗೈ ಮಾಡಿದ ಕೊನೆಯ ಅತಿ ಸೂಕ್ಷ್ಮ ಕೆಲಸ ಅದಾಗಿರಬಹುದು. ಮರುವರ್ಷ ಆ ಕೈ ನಡುಗತೊಡಗಿತು, ಲ್ಯಾಬು ಬಿಟ್ಟರು.

ಕಾಂಡ ಸಾಯತೊಡಗಿದ್ದು ಅದಕ್ಕೂ ಒಂದು ವರ್ಷದ ಮೇಲೆ. ನಾನು ಪುನಃ ಕಾರ್ಕಳಕ್ಕೆ ಬಂದಿದ್ದೆ. ಒಂದು ಪಕ್ಕದ ಕೊಂಬೆಗಳು ಚಿಗುರಲೇ ಇಲ್ಲವೆಂದು ಅವರು ಫೋನು ಮಾಡಿದರು. ಹೋಗಿ ನೋಡಿದಾಗ ತುದಿಯಿಂದ ಕೆಳಮುಖವಾಗಿ ತೊಗಟೆ ಸುಕ್ಕುಗಟ್ಟಿ ಕಾಗದದಂತೆ ಏಳುತ್ತಿತ್ತು. ಉಗುರಿನಿಂದ ಕೆರೆದರೆ ಜೀವವಿದ್ದಲ್ಲಿ ಹಸಿರು ಕಾಣಬೇಕು, ಕಂಡದ್ದು ಕಂದು. ಕೆಳಗೆ ಕೆಳಗೆ ಕೆರೆಯುತ್ತ ಬಂದವರು ಆ ಕೃತಕ ತೊಗಟೆಯ ಬಳಿ ನಿಲ್ಲಿಸಿದರು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಚೂಪಾದ ಉಪಕರಣ ತೂರಿಸಿ ಎಬ್ಬಿಸಿದರು. ಅದು ಇಡಿಯಾಗಿ ಕಳಚಿ ಬಂತು, ಒಂದಿಷ್ಟೂ ಮುಕ್ಕಾಗದೆ. ಅದರ ಹಿಂದೆ ಕಪ್ಪು ಕೆಸರು, ಕೊಳೆತ ವಾಸನೆ. ಗಾಳಿಯಾಡದೆ ಎರಡು ಮಳೆಗಾಲದ ನೀರು ಒಳಗೇ ನಿಂತು, ಶಿಲೀಂಧ್ರ ಬೆಳೆದು ಮೇಲಕ್ಕೆ ಹತ್ತಿತ್ತು. ಹಲ್ಲಿನ ಹೊಂಡವನ್ನು ಕೆರೆದು ತುಂಬಿಸಿದರೆ ಹಲ್ಲು ಉಳಿಯುತ್ತದೆ. ಮರದ ಹೊಂಡವನ್ನು ಕೆರೆದು ತೆರೆದಿಡಬೇಕು. ಇದು ಯಾವ ಪಠ್ಯದಲ್ಲಾದರೂ ಇದೆ. ಬೆಂಕಿರೋಗದ ಮೂರು ವರ್ಷದಲ್ಲಿ ನಾನು ಅದನ್ನು ಮರೆತಿದ್ದೆನೆ? ಅಥವಾ ಯಾರೂ ನನ್ನನ್ನು ಕೇಳಿಯೇ ಇರಲಿಲ್ಲವೆ?

"ಮುಚ್ಚಲು ಯಾರು ಹೇಳಿದ್ದು ಕಾಕ?" ಎಂದು ಆಗ ಕೇಳಿದೆನೆಂದು ನಂಬಿದ್ದೇನೆ.

"ಯಾರು ಹೇಳುದು? ಹಲ್ಲಿನವನಿಗೆ ಹೊಂಡ ಕಂಡ್ರೆ ಕೈ ಸುಮ್ಮನೆ ಕೂರುದಿಲ್ಲ ಮಾರಾಯ್ರೆ."

ನನಗೆ ನಿರಾಳವಾಯಿತು. ಈ ಇಡೀ ಪ್ರಕರಣದಲ್ಲಿ ನಾನು ಪ್ರಮಾಣ ಮಾಡಿ ಹೇಳಬಲ್ಲದ್ದು ಆ ನಿರಾಳವೊಂದನ್ನೇ.

ಆಗ ಏಪ್ರಿಲ್. ಮಳೆ ಹಿಡಿಯುವುದರೊಳಗೆ ಕೊಳೆತದ್ದನ್ನೆಲ್ಲ ತೆಗೆದು ಒಣಗಿಸದಿದ್ದರೆ ಉಳಿದರ್ಧವೂ ಹೋಗುತ್ತದೆ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಅವರು ಹುಳುಕು ಕೆರೆಯುವ ಸಣ್ಣ ಚಮಚದಂಥ ಉಪಕರಣವನ್ನು ಕೈಗೆತ್ತಿಕೊಂಡರು. ಅದರ ತುದಿ ತೊಗಟೆಯ ಮೇಲೆ ಟಕಟಕ ಬಡಿಯಿತು. ಮೂರು ಸಲ ಮಾಡಿ ನೋಡಿದರು. ಆಮೇಲೆ ಅದನ್ನು ಹಿಡಿಕೆ ಮುಂದಾಗಿ ನನ್ನ ಕಡೆ ಚಾಚಿದರು.

"ನಾನೇ? ನನ್ನ ಕೈಗೆ ಇದೆಲ್ಲ ಬರುವುದಿಲ್ಲ."

"ಬರುದಿಲ್ಲ, ನಂಗೆ ಗೊತ್ತುಂಟು. ಆದ್ರೆ ನಡುಗುದಿಲ್ಲ ಅಲ್ವಾ. ಕೂತ್ಕೊಳ್ಳಿ. ಇವತ್ತು ಏಳುವ ಹಾಗಿಲ್ಲ."

ಮೂರು ಭಾನುವಾರ ಹಿಡಿಯಿತು. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳುವುದು, ನಾನು ನೆಲದಲ್ಲಿ ಕೂತು ಕೆರೆಯುವುದು.

"ಒತ್ಬೇಡಿ, ಕೆರೀರಿ. ಬಿಳಿ ಸಿಕ್ಕಿದ್ರೆ ನಿಲ್ಸಿ."

"ಬಿಳಿ ಸಿಕ್ಕಿತು."

"ಅದು ಬಿಳಿಯಲ್ಲ, ಬೂದು. ನಿಮ್ಗೆ ಮುಗಿಸುವ ಅವಸರ. ಗಟ್ಟಿ ಮರ ಸಿಕ್ಕಿದ್ರೆ ಶಬ್ದ ಬದಲಾಗ್ತದೆ, ಕೇಳಿ. ಹಾಂ, ಈಗ. ಅಲ್ಲೇ ನಿಲ್ಲಿ."

ಅವರ ಹೆಂಡತಿ ಶರಬತ್ತು ತಂದಿಟ್ಟು ನಮ್ಮಿಬ್ಬರನ್ನೂ ನೋಡಿದರು. "ಇಬ್ಬರು ಡಾಕ್ಟ್ರು, ಒಂದು ಪೇಷಂಟು. ಬದುಕುದು ಡೌಟೇ."

ಜೀವಂತ ತೊಗಟೆಯ ಅಂಚನ್ನು ಒಂದೇ ಎಳೆತಕ್ಕೆ ಕತ್ತರಿಸಬೇಕಾದ ಜಾಗ ಬಂತು. ತಪ್ಪಿದರೆ ಉಳಿದ ಪಟ್ಟಿಯೂ ಕೈಬಿಡುತ್ತದೆ. ಅವರು ಕುರ್ಚಿಯಿಂದ ಬಾಗಿ, ಕೋನ ತೋರಿಸಲು ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟರು. ಅವರ ನಡುಕ ನನ್ನ ಕೈಯಲ್ಲೂ ಎದ್ದಿತು. ಕೂಡಲೇ ಬೆರಳು ತೆಗೆದರು. "ಬೇಡ. ಬಾಯಲ್ಲೇ ಹೇಳ್ತೇನೆ," ಎಂದರು. ನಾನು ತಲೆ ಎತ್ತಲಿಲ್ಲ. ಅವರು ಹೇಳಿದರು, ನಾನು ಎಳೆದೆ. ಅಂಚಿನಲ್ಲಿ ಹಸಿರು ಗೆರೆ ಕಂಡಿತು.

ಕೊನೆಗೆ ಕಾಂಡದ ಮುಂಭಾಗವೆಲ್ಲ ದೋಣಿಯ ಒಳಮೈಯಂತೆ ಟೊಳ್ಳಾಗಿ, ಹಿಂದೆ ಎರಡು ಬೆರಳಗಲದ ತೊಗಟೆ ಮಾತ್ರ ಉಳಿಯಿತು. ಬಿದ್ದ ನೀರು ನಿಲ್ಲದೆ ಹರಿದುಹೋಗಲು ಬುಡದಲ್ಲಿ ದಾರಿ ಬಿಟ್ಟೆವು. ಕಾರ್ಕಳದ ಅಂಗಡಿಯಿಂದ ನಾನು ತಂದ ಸುಣ್ಣ-ಗಂಧಕದ ದ್ರಾವಣವನ್ನು ಒಣಗಿದ ಮರಕ್ಕೆ ಬಳಿದಾಗ ಟಾರಸಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಹಬ್ಬಿ, ನೆರೆಮನೆಯವರು ಕಿಟಕಿ ಮುಚ್ಚಿಕೊಂಡರು. ಎರಡು ದಿನದಲ್ಲಿ ಆ ಟೊಳ್ಳು ಮೂಳೆಯಷ್ಟು ಬೆಳ್ಳಗಾಯಿತು. ಈ ಸಲ ಅವರು ಅದಕ್ಕೆ ಯಾವ ಬಣ್ಣವನ್ನೂ ಹೊಂದಿಸಲಿಲ್ಲ.

ಮಳೆಗಾಲವಿಡೀ ಗಿಡವನ್ನು ಶೀಟಿನಡಿ, ತಟ್ಟೆಯ ಒಂದು ಬದಿಗೆ ಹೆಂಚಿನ ಚೂರು ಕೊಟ್ಟು ಓರೆಯಾಗಿಟ್ಟಿದ್ದರು. ಒಂದು ಬೆಳಿಗ್ಗೆ ನಾನು ಸ್ಟಾಫ್ ರೂಮಿನಲ್ಲಿದ್ದಾಗ ಫೋನು ಬಂತು.

"ಮೂರು ಬಂತು," ಎಂದರು.

"ಎಂತ ಮೂರು?"

"ಚಿಗುರು ಮಾರಾಯ್ರೆ. ಮೇಲೆ ಅಲ್ಲ, ಹಿಂದಿನ ಪಟ್ಟಿಯಲ್ಲಿ, ಕೆಳಗೆ. ಮೊದಲಿನ ಶೇಪು ಇನ್ನು ಬರುದಿಲ್ಲ. ಅದಕ್ಕೆ ಹೇಗೆ ಬೇಕೋ ಹಾಗೆ ಹೋಗ್ಲಿ."

ಆಚೆ ಕಡೆ ಅವರು ಮೂಗು ಒರೆಸಿಕೊಂಡ ಸದ್ದು ಕೇಳಿತು. ಶೀತವೂ ಆಗಿರಬಹುದು, ಜುಲೈ ತಿಂಗಳು.

ಆಮೇಲೆ ಬಂದವರೆಲ್ಲ ಆ ಬಿಳಿ ಟೊಳ್ಳಿನ ಬಗ್ಗೆ ಕೇಳುತ್ತಿದ್ದರು. ಒಮ್ಮೆ ಕೆಮ್ಮಣ್ಣು ಊರಿನಿಂದ ಬಂದಿದ್ದ ಅವರ ಭಾವ, "ಊರಿಗೆಲ್ಲ ಹಲ್ಲು ಕಟ್ಟಿದ್ದೀ, ಇದಕ್ಕೂ ಒಂದು ಕಟ್ಟು ಮಾರಾಯ," ಎಂದು ನನಗೂ ತಿಳಿಯಲೆಂದು ತುಳುವಿನಲ್ಲಿ ಗೇಲಿ ಮಾಡಿದರು.

"ಕಟ್ಟಿದ್ದೆ. ಅದರಿಂದಲೇ ಇದು ಹೀಗಾದದ್ದು. ಹಲ್ಲಿನವನ ಬುದ್ಧಿ," ಎಂದರು ಇವರು. ಎಲ್ಲರೂ ನಕ್ಕರು. ಆಗ ಅವರು ನನ್ನ ಕಡೆ ನೋಡಲಿಲ್ಲ. ಇದು ಚೆನ್ನಾಗಿ ನೆನಪಿದೆ, ಯಾಕೆಂದರೆ ನೋಡುತ್ತಾರೇನೋ ಎಂದು ನಾನು ಕಾಯುತ್ತಿದ್ದೆ. ಯಾಕೆ ಕಾಯುತ್ತಿದ್ದೆ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಅವರು ಹೋದ ಮೇಲೆ ಕಾಪುವಿನ ಮನೆಗೆ ಎರಡು ಸಲ ಹೋಗಿದ್ದೇನೆ. ಗಿಡ ಅಲ್ಲೇ ಇದೆ, ಇರಬೇಕಾದದ್ದೂ ಅಲ್ಲೇ. ಈಗ ಎಲೆ ತೊಳೆಯುವವರು ಅವರ ಹೆಂಡತಿ. ಎರಡನೆಯ ಸಲ ಹೋದಾಗ ಅವರು ಹೂಜಿ ಹಿಡಿದು ನಿಂತು, ನೀರು ಜಾಸ್ತಿಯಾಯಿತೇ ಎಂದು ನನ್ನನ್ನು ಕೇಳಿದರು.

"ನಿಮಗೇ ಚೆನ್ನಾಗಿ ಗೊತ್ತಾಗುತ್ತದೆ ಅಕ್ಕ. ತಟ್ಟೆ ಎತ್ತಿ ನೋಡಿ," ಎಂದೆ.

"ನಂಗೆಂತ ಗೊತ್ತು? ಅವರೇ ನಿಮ್ಮನ್ನು ಕೇಳದೆ ಕೊಂಬೆಗೆ ಒಂದು ತಂತಿ ಸಹ ಬಿಗಿದದ್ದಿಲ್ಲ. ನೀವು ಧಾರವಾಡದಲ್ಲಿದ್ದಾಗ್ಲೂ ಫೋಟೋ ಹಾಕಿ ಹಾಕಿ ಕೇಳ್ತಿದ್ರಲ್ವಾ."

"ಮಡಲು ಬಿದ್ದಾಗಲೂ ಕೇಳಿದ್ರಾ?"

"ಅದು ನಂಗೆ ಗೊತ್ತಿಲ್ಲಪ್ಪ. ಮೊಬೈಲ್ ಹಿಡ್ಕೊಂಡು ತುಂಬ ಹೊತ್ತು ಕೂತಿದ್ರು, ಅಷ್ಟು ಗೊತ್ತುಂಟು."

ಧಾರವಾಡದ ಕಾಲದ ನನ್ನ ಫೋನು ಪರದೆ ಒಡೆದು ಮೇಜಿನ ಸೆಳೆಖಾನೆಯಲ್ಲಿ ಬಿದ್ದಿತ್ತು. ಅದನ್ನು ಉಡುಪಿಯ ರಿಪೇರಿ ಅಂಗಡಿಯೊಂದಕ್ಕೆ ಕೊಟ್ಟು, ಪರದೆ ಬದಲಿಸಿ ತರಿಸಿ, ಚಾರ್ಜಿಗಿಟ್ಟೆ. ಅವರ ಸಂದೇಶಗಳು ಇದ್ದವು. ಹಿಂದಕ್ಕೆ ಹಿಂದಕ್ಕೆ ಸರಿಸುತ್ತ ಹೋದೆ. ಒಂದು ಫೋಟೋ, ಅದರ ಕೆಳಗೆ ಕನ್ನಡದಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದ ಸಾಲುಗಳು: "ಮಡಲು ಬಿದ್ದು ಕೊಂಬೆ ಹೋಯಿತು. ಹೊಂಡ ಆಗಿದೆ, ಫೋಟೋ ನೋಡಿ. ನನಗೆ ಮುಚ್ಚದೆ ಬಿಡುವುದು ಒಳ್ಳೆಯದು ಅಂತ ಕಾಣುತ್ತದೆ, ನೀರು ಒಣಗಬೇಕಲ್ಲ. ನೀವು ಹೇಳಿದ ಹಾಗೆ ಮಾಡುತ್ತೇನೆ."

ಅದೇ ನಿಮಿಷದಲ್ಲಿ ಹೋದ ನನ್ನ ಉತ್ತರ: "ಮುಚ್ಚಿಬಿಡಿ ಕಾಕ, ಗಾಳಿ ಹೋಗದ ಹಾಗೆ."

ಅವರದು: "ಆಯ್ತು ಡಾಕ್ಟ್ರೇ."

ಫೋಟೋ ಮಬ್ಬಾಗಿತ್ತು. ಆ ಕಾಲದಲ್ಲಿ ಡಾಟಾ ಉಳಿಸಲೆಂದು, ಬಂದ ಚಿತ್ರಗಳು ತಾವಾಗಿಯೇ ಇಳಿಯದಂತೆ ನಾನು ಮಾಡಿಟ್ಟಿದ್ದೆ. ನೋಡಬೇಕೆಂದರೆ ಮೇಲಿನ ಬಾಣದ ಗುರುತನ್ನು ಒತ್ತಬೇಕಿತ್ತು. ಗುರುತು ಇನ್ನೂ ಹಾಗೇ ಇತ್ತು. ಈಗ ಒತ್ತಿದೆ, ಈ ಚಿತ್ರ ಲಭ್ಯವಿಲ್ಲ ಎಂದು ಬಂತು. ಅವರು ನೋಡಿ ಎಂದು ಕಳಿಸಿದ ಫೋಟೋವನ್ನು ನಾನು ಅಂದು ತೆರೆದಿರಲಿಲ್ಲ.